ಬಾಗಿಲಿನ ಸ್ಪೀಕರಿಗೂ ಸಬ್‌ವೂಫರಿಗೂ ಕ್ರಾಸ್‌ಓವರ್ ಎಷ್ಟು ಹರ್ಟ್ಸ್‌ಗೆ ಇಡಬೇಕು?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ದನಿಯನ್ನು ಆವರ್ತನದ ಪ್ರಕಾರ ಸ್ಪೀಕರುಗಳ ನಡುವೆ ಹಂಚುವ ಕ್ರಾಸ್‌ಓವರ್ ಬಗ್ಗೆ ನನ್ನದೊಂದು ಪ್ರಶ್ನೆ. ನನ್ನ ಕಾರಿನ ಮುಂಬಾಗಿಲುಗಳಲ್ಲಿ ಆರೂವರೆ ಇಂಚಿನ ಕಾಂಪೊನೆಂಟ್ (ಟ್ವೀಟರ್ ಬೇರೆಯಾಗಿರುವ) ಸ್ಪೀಕರುಗಳಿವೆ, ಡಿಕ್ಕಿಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ 12 ಇಂಚಿನ ಸಬ್‌ವೂಫರ್ ಇದೆ, ಎರಡಕ್ಕೂ ಬೇರೆ ಬೇರೆ ಆಂಪ್ಲಿಫೈಯರ್‌ಗಳಿವೆ. ಅಳವಡಿಸಿದವರು ಬಾಗಿಲಿನ ಸ್ಪೀಕರುಗಳ ಸ್ವಿಚ್ಚನ್ನು ‘ಫುಲ್’ನಲ್ಲಿಯೂ (ಅಂದರೆ ಫಿಲ್ಟರ್ ಇಲ್ಲದೆ) ಸಬ್‌ವೂಫರಿನ ಲೋ ಪಾಸ್ (ತಗ್ಗಿನ ದನಿಯನ್ನು ಮಾತ್ರ ಬಿಡುವ ಫಿಲ್ಟರ್) ಗುಂಡಿಯನ್ನು ಕೊನೆಯ ತುದಿಯಲ್ಲಿಯೂ, ಅಂದರೆ 250 ಹರ್ಟ್ಸ್‌ನಲ್ಲಿ, ಇಟ್ಟುಕೊಟ್ಟಿದ್ದರು. ನಾನು ದಿನವೂ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗಿಬರುವಾಗ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಕೇಳುತ್ತೇನೆ. ಅರ್ಥಧಾರಿಗಳ ಮಾತು ಎದುರಿನಿಂದ ಬಾರದೆ ಬೆನ್ನ ಹಿಂದಿನಿಂದ ಕೇಳಿದಂತಾಗುತ್ತದೆ. ಸ್ವಲ್ಪ ಜೋರು ಮಾಡಿದರೆ ಬಾಗಿಲಿನ ಪ್ಯಾನೆಲ್ ಗರಗರ ಎನ್ನುತ್ತದೆ. ಎಲ್ಲರೂ 80 ಎನ್ನುತ್ತಾರೆಂದು ಬಾಗಿಲಿನ ಸ್ವಿಚ್ಚನ್ನು ಹೈ ಪಾಸ್‌ಗೆ (ತಗ್ಗಿನ ದನಿಯನ್ನು ತಡೆಯುವ ಫಿಲ್ಟರ್) ಹಾಕಿ, ಎರಡೂ ಗುಂಡಿಗಳನ್ನು 80ರ ಗೆರೆಗೆ ತಿರುಗಿಸಿದೆ. ಗರಗರ ನಿಂತಿತು, ಆದರೆ ಮದ್ದಳೆಯ ಪೆಟ್ಟಿನ ತುಂಬುದನಿಯೂ ಅದರೊಂದಿಗೇ ಹೋಯಿತು. ಸರಿಯಾದ ಅಂಕಿ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಮಂಗಳೂರು, ಕೊಟ್ಟಾರದಿಂದ)

ನೀವು ಅರ್ಥಧಾರಿಗಳ ಮಾತನ್ನೇ ಪ್ರಸ್ತಾಪಿಸಿದ್ದು ಒಳ್ಳೆಯದಾಯಿತು, ದೋಷ ಎಲ್ಲಿದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್‌ಗಳ ನಡುವೆ ಇರುತ್ತದೆ. ಸಬ್‌ವೂಫರನ್ನು 250ರವರೆಗೆ ಬಿಟ್ಟರೆ ಆ ಸ್ವರವಷ್ಟೂ ಡಿಕ್ಕಿಯಿಂದಲೇ ಹೊರಡುತ್ತದೆ, ಕಿವಿಗೆ ಅದರ ದಿಕ್ಕು ಸುಲಭವಾಗಿ ಗೊತ್ತಾಗುತ್ತದೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ದನಿ ಎಲ್ಲಿಂದ ಬರುತ್ತಿದೆ ಎಂದು ಗುರುತಿಸುವುದು ಕಿವಿಗೆ ಕಷ್ಟ. 80 ಎಂಬ ಅಂಕಿ ಇಷ್ಟು ಪ್ರಚಲಿತವಾಗಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಗರಗರಕ್ಕೆ ಕಾರಣ ಬೇರೆ. ಒಂದೇ ಮಟ್ಟದ ದನಿ ಬರಬೇಕಾದರೆ, ಆವರ್ತನ ಅರ್ಧಕ್ಕೆ ಇಳಿದಾಗಲೆಲ್ಲ ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆಮುಂದೆ ಚಲಿಸಬೇಕಾಗುತ್ತದೆ. 80 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಚಲಿಸುವ ಕೋನ್ 40ರಲ್ಲಿ ನಾಲ್ಕು ಮಿಲಿಮೀಟರ್ ಚಲಿಸಬೇಕು. ಬಾಗಿಲಿನ ಆರೂವರೆ ಇಂಚಿನ ಸ್ಪೀಕರಿನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಹೈ ಪಾಸ್ ಹಾಕಿದೊಡನೆ ಆ ಹೊರೆ ಇಳಿಯುತ್ತದೆ, ಇದ್ದ ಸ್ಪೀಕರೇ ಇನ್ನಷ್ಟು ಜೋರಾಗಿಯೂ ಸ್ವಚ್ಛವಾಗಿಯೂ ನುಡಿಯುತ್ತದೆ.

ಹಾಗೆಂದು 80 ಎಲ್ಲ ಕಾರುಗಳಿಗೂ ಒಪ್ಪುವ ಅಂಕಿಯಲ್ಲ. ಮೊದಲು ಸಬ್‌ವೂಫರನ್ನು ಪೂರ್ತಿ ಆರಿಸಿ, ಬಾಗಿಲಿನ ಹೈ ಪಾಸನ್ನು 60ರಿಂದ ಆರಂಭಿಸಿ, ನೀವು ದಿನವೂ ಕೇಳುವಷ್ಟೇ ಜೋರಿನಲ್ಲಿ ಗರಗರ ನಿಲ್ಲುವವರೆಗೆ ನಿಧಾನವಾಗಿ ಮೇಲಕ್ಕೆ ತನ್ನಿ. ನಿಂತ ಜಾಗವೇ ನಿಮ್ಮ ಅಂಕಿ. ಅನಂತರ ಸಬ್‌ವೂಫರನ್ನು ಹಾಕಿ, ಅದರ ಲೋ ಪಾಸನ್ನೂ ಅಲ್ಲಿಗೇ ತನ್ನಿ. ಸ್ಲೋಪ್ (ಗಡಿಯಾಚೆ ದನಿ ಎಷ್ಟು ಬೇಗ ಇಳಿಯಬೇಕೆಂಬುದು) ಆರಿಸಿಕೊಳ್ಳುವ ಅವಕಾಶವಿದ್ದರೆ ಸಬ್‌ವೂಫರಿಗೆ ಆಕ್ಟೇವಿಗೆ (ಆವರ್ತನ ಇಮ್ಮಡಿಯಾದಾಗಲೆಲ್ಲ) 24 ಡೆಸಿಬೆಲ್ ಇಡಿ. 80ರ ಗಡಿಗೆ 12 ಇಟ್ಟರೆ 160 ಹರ್ಟ್ಸ್‌ನಲ್ಲಿ ದನಿ 12 ಡೆಸಿಬೆಲ್‌ನಷ್ಟು ಮಾತ್ರ ಇಳಿದಿರುತ್ತದೆ, ಮಾತು ಸಣ್ಣಗೆ ಡಿಕ್ಕಿಯಿಂದ ಸೋರುತ್ತಲೇ ಇರುತ್ತದೆ.

ತುಂಬುದನಿ ಹೋದದ್ದಕ್ಕೆ ಎರಡು ಕಾರಣಗಳಿರಬಹುದು. ಸ್ಟೀರಿಯೊದ ಮೆನುವಿನಲ್ಲಿ ಇನ್ನೊಂದು ಹೈ ಪಾಸ್ ಚಾಲೂ ಇದೆಯೇ ನೋಡಿ. ಇದ್ದರೆ ಎರಡು ಫಿಲ್ಟರುಗಳು ಒಂದರ ಮೇಲೊಂದು ಕೂಡಿ ಮಧ್ಯದಲ್ಲಿ ಹೊಂಡ ಬೀಳುತ್ತದೆ, ಒಂದನ್ನು ತೆಗೆಯಲೇಬೇಕು. ಅದಲ್ಲವಾದರೆ ಫೇಸ್, ಅಂದರೆ ಸಬ್‌ವೂಫರ್ ಮತ್ತು ಬಾಗಿಲಿನ ಸ್ಪೀಕರುಗಳ ಕೋನ್‌ಗಳು ಒಟ್ಟಿಗೇ ಹಿಂದೆಮುಂದೆ ಚಲಿಸುತ್ತವೆಯೇ ಎಂಬುದು. 80 ಹರ್ಟ್ಸ್‌ನ ಟೆಸ್ಟ್ ಟೋನ್ ಹಾಕಿ, ಚಾಲಕನ ಸೀಟಿನಲ್ಲಿ ಕುಳಿತು, ಸಬ್‌ವೂಫರಿನ ಫೇಸನ್ನು 0 ಮತ್ತು 180ರಲ್ಲಿ ಕೇಳಿ. ಯಾವುದರಲ್ಲಿ ದನಿ ಹೆಚ್ಚು ಕೇಳುತ್ತದೆಯೋ ಅದೇ ಸರಿ. ಫೇಸ್ ಸ್ವಿಚ್ ಇಲ್ಲದಿದ್ದರೆ ಸಬ್‌ವೂಫರಿನ ಪ್ಲಸ್ ಮೈನಸ್ ವೈರುಗಳನ್ನು ಅದಲುಬದಲು ಮಾಡಿದರೆ ಸಾಕು.

ಉತ್ತರ 2 (ಮಣಿಪಾಲದಿಂದ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಗುಂಡಿಯ ಸುತ್ತ ಅಚ್ಚಾಗಿರುವ ಅಂಕಿಗಳನ್ನು ನಂಬಬೇಡಿ ಎಂದು ಒತ್ತಿ ಹೇಳಬಯಸುತ್ತೇನೆ. ನನ್ನ ಆಂಪಿನಲ್ಲಿ 80ರ ಗೆರೆಗೆ ಇಟ್ಟದ್ದು ಅಳೆದಾಗ 110ರ ಹತ್ತಿರ ಬಂದಿತ್ತು. ಅಳೆಯುವುದು ಕಷ್ಟದ ಕೆಲಸವಲ್ಲ. ಬಾಸ್ ಬೂಸ್ಟನ್ನೂ ಸ್ಟೀರಿಯೊದ ಈಕ್ವಲೈಸರ್, ಫಿಲ್ಟರುಗಳನ್ನೂ ಆರಿಸಿ, ಸಬ್‌ವೂಫರಿನ ವೈರನ್ನು ಆಂಪಿನಿಂದ ಬಿಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್‌ಗೆ ಹಿಡಿಯಿರಿ. 30 ಹರ್ಟ್ಸ್‌ನ ಟೋನ್ ಹಾಕಿ ವಾಲ್ಯೂಮನ್ನು 10 ವೋಲ್ಟ್ ಬರುವಷ್ಟಕ್ಕೆ ಇಡಿ, ಆಮೇಲೆ ವಾಲ್ಯೂಮನ್ನು ಮುಟ್ಟದೆ 80ರ ಟೋನ್ ಹಾಕಿ. ಸಾಧಾರಣ ಬಟರ್‌ವರ್ತ್ ಫಿಲ್ಟರ್ ಆಗಿದ್ದರೆ ಮೀಟರ್ 7 ವೋಲ್ಟ್ ತೋರಿಸುವಲ್ಲಿಗೆ ಗುಂಡಿಯನ್ನು ತಿರುಗಿಸಿ ನಿಲ್ಲಿಸಬೇಕು. ಲಿಂಕ್‌ವಿಟ್ಸ್-ರೈಲಿ ಎಂಬ ಇನ್ನೊಂದು ಬಗೆಯ ಫಿಲ್ಟರ್ ಆಗಿದ್ದರೆ 5 ವೋಲ್ಟ್. ಯಾವುದೆಂದು ಆಂಪಿನ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಮುಚ್ಚಿದ ಪೆಟ್ಟಿಗೆಯಾದ ಕಾರಣ ಸಬ್‌ಸಾನಿಕ್ ಫಿಲ್ಟರಿನ (ಕಿವಿಗೆ ಕೇಳಿಸದಷ್ಟು ತಗ್ಗಿನ ಆವರ್ತನವನ್ನು ತಡೆಯುವುದು) ಚಿಂತೆ ನಿಮಗೆ ಅಷ್ಟಾಗಿ ಬೇಡ. ಪೋರ್ಟ್ (ಗಾಳಿಯಾಡುವ ತೂತು) ಇರುವ ಪೆಟ್ಟಿಗೆಗೆ ಮಾತ್ರ ಅದು ಬೇಕೇ ಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಟೀರಿಯೊದ ಮೆನುವಿನಲ್ಲಿ ನಿಜಕ್ಕೂ 120ರ ಹೈ ಪಾಸ್ ಚಾಲೂ ಇತ್ತು, ಅದನ್ನು ತೆಗೆದೆ. ಬಾಗಿಲಿನ ಗರಗರ 75ರಲ್ಲಿ ನಿಂತಿತು, ಸಬ್‌ವೂಫರನ್ನೂ ಮೀಟರ್ ಹಿಡಿದು ಅಲ್ಲಿಗೇ ತಂದೆ, ಫೇಸ್ 180ರಲ್ಲಿ ದನಿ ತುಂಬಿ ಬಂತು. ಈಗ ಮಾತು ಡ್ಯಾಶ್‌ಬೋರ್ಡಿನ ಮೇಲಿನಿಂದ ಕೇಳುತ್ತದೆ, ಮದ್ದಳೆ ತನ್ನ ಜಾಗಕ್ಕೆ ಮರಳಿದೆ. ಆದರೂ ಕೆಲವು ಪೆಟ್ಟುಗಳು ಮಾತ್ರ ಹಿಂದಿನಿಂದ ಬಂದಂತೆ ಅನಿಸುತ್ತದೆ. ಹೆದ್ದಾರಿಯಲ್ಲಿ ಟಯರಿನ ಸದ್ದಿಗೆ ಬಾಸ್ ಅಡಗಿದಂತಾಗುವುದಕ್ಕೂ ಏನಾದರೂ ಮಾಡಬಹುದೇ?

ಉತ್ತರ 1ರವರು ಮತ್ತೆ

ಡಿಕ್ಕಿಯ ನಂಬರ್ ಪ್ಲೇಟನ್ನು ಕೈಯಿಂದ ಒತ್ತಿಹಿಡಿದು ಕೇಳಿ ನೋಡಿ. ಸಬ್‌ವೂಫರಿನ ಬಡಿತಕ್ಕೆ ಪ್ಲೇಟ್ ಅಥವಾ ಡಿಕ್ಕಿಯ ತಗಡು ಅದುರಿದರೆ ಆ ಅದುರಿನ ಸದ್ದು ಮೇಲಿನ ಆವರ್ತನದ್ದು, ಕಿವಿ ಅದನ್ನೇ ಹಿಂಬಾಲಿಸಿ ದಿಕ್ಕನ್ನು ಹಿಡಿಯುತ್ತದೆ. ಪ್ಲೇಟಿನ ಹಿಂದೆ ತೆಳುವಾದ ಫೋಮ್ ಅಂಟಿಸಿದರೆ ನಿಲ್ಲುತ್ತದೆ. ಟಯರಿನ ಸದ್ದಿನಲ್ಲಿ ತಗ್ಗಿನ ಆವರ್ತನವೇ ಹೆಚ್ಚಾದ್ದರಿಂದ ಓಡುವ ಕಾರಿನಲ್ಲಿ ಬಾಸ್ ಮುಳುಗುವುದು ಸಹಜ. ಅದಕ್ಕಾಗಿ ಕ್ರಾಸ್‌ಓವರನ್ನು ಮೇಲೇರಿಸಬೇಡಿ, ಸ್ಟೀರಿಯೊದ ಸಬ್‌ವೂಫರ್ ಲೆವೆಲನ್ನು ಎರಡು ಮೂರು ಡೆಸಿಬೆಲ್ ಏರಿಸಿದರೆ ಸಾಕು. ಇನ್ನೊಂದು ವಿಚಾರ: ಮಳೆಗಾಲಕ್ಕೆ ಮುಂಚೆ ಬಾಗಿಲಿನ ಪ್ಯಾನೆಲ್ ಬಿಚ್ಚಿಸಿ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದೆಯೇ ನೋಡಿಸಿ. ಸ್ಪೀಕರ್ ಕೂಡಿಸುವಾಗ ಅದನ್ನು ಕೊಯ್ದು ಹಾಗೆಯೇ ಬಿಡುವುದುಂಟು. ನಮ್ಮ ಮಳೆಗೆ ಗಾಜಿನ ಸಂದಿನಿಂದ ಇಳಿಯುವ ನೀರು ಆ ಹರಕಿನ ಮೂಲಕ ಪ್ಯಾನೆಲಿಗೂ ಕಾಂಪೊನೆಂಟ್ ಸ್ಪೀಕರಿನೊಂದಿಗೆ ಬರುವ ಕ್ರಾಸ್‌ಓವರ್ ಡಬ್ಬಿಗೂ ತಲುಪುತ್ತದೆ, ಹರಿದ ಹಾಳೆ ಕೋನಿನ ಗಾಳಿಗೆ ಪಟಪಟ ಎನ್ನುವುದೂ ಇದೆ.