18 ತುಂಬುವ ಮೊದಲೇ ಕೋರ್ಟ್ ಮೂಲಕ ಅಪ್ಪ ಅಮ್ಮನಿಂದ ಬೇರೆಯಾಗಬಹುದಾ?

ಚಿಕ್ಕಮ್ಮ:
ನಮ್ಮಕ್ಕನ ಮಗಳಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಚೆನ್ನಾಗಿ ಓದುವ ಹುಡುಗಿ. ಮನೆಯಲ್ಲಿ ಗಂಡು ಗೊತ್ತು ಮಾಡಿಬಿಟ್ಟಿದ್ದಾರೆ, ಬೇಡ ಅಂದರೆ ಹೊಡೆಯುತ್ತಾರೆ. ಅಮೆರಿಕದಲ್ಲಿ ಎಮ್ಯಾನ್ಸಿಪೇಷನ್ ಅಂತ ಇದೆಯಂತೆ, ಮಕ್ಕಳೇ ಕೋರ್ಟಿಗೆ ಹೋಗಿ ಬೇರೆಯಾಗಬಹುದಂತೆ. ನಮ್ಮಲ್ಲೂ ಇದೆಯಾ? ಇಲ್ಲದಿದ್ದರೆ ಅವಳನ್ನು ಸುಮ್ನೆ ನಮ್ಮ ಮನೆಗೆ ಕರೆದುಕೊಂಡು ಬಂದುಬಿಡಲಾ?

ಬೇ ಏರಿಯಾ ಕನ್ನಡಿಗ:
ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಇದೆ, ಆದರೆ ಅಂದುಕೊಂಡಷ್ಟು ಸುಲಭ ಇಲ್ಲ. ಕನಿಷ್ಠ 14 ವರ್ಷ ಆಗಿರಬೇಕು, ಆಗಲೇ ಅಪ್ಪ ಅಮ್ಮನ ಒಪ್ಪಿಗೆಯಿಂದ ಬೇರೆ ವಾಸ ಇರಬೇಕು, ಖರ್ಚು ವೆಚ್ಚ ತಾನೇ ನೋಡಿಕೊಳ್ಳುತ್ತಿರಬೇಕು. ಹೊಡೆತ ತಿನ್ನುತ್ತಾ ಮನೆಯಲ್ಲೇ ಇರುವ ಮಗುವಿಗೆ ಇಲ್ಲೂ ಅದು ದಾರಿಯಲ್ಲ. ಅಂಥವರಿಗೆ ಮಕ್ಕಳ ರಕ್ಷಣೆಯ ಇಲಾಖೆಯೇ ಬೇರೆ ಇದೆ.

ವಕೀಲರು, ತುಮಕೂರು:
ಮೇಡಂ, ಭಾರತದಲ್ಲಿ ಅಂಥ ಕಾನೂನು ಇಲ್ಲ. 1875ರ ಕಾಯ್ದೆ ಪ್ರಕಾರ 18 ತುಂಬಿದ ಮೇಲೆಯೇ ಮೇಜರ್. ದಯವಿಟ್ಟು ನೀವಾಗೇ ಕರೆದುಕೊಂಡು ಬರಬೇಡಿ. 18ರೊಳಗಿನ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಕರೆದೊಯ್ದರೆ ಅಪಹರಣದ ಕೇಸ್ ಹಾಕಬಹುದು, ಆಮೇಲೆ ಅವಳ ಪರ ಮಾತಾಡಬೇಕಾದ ನೀವೇ ಸ್ಟೇಷನ್‌ಗೆ ಅಲೆಯಬೇಕಾಗುತ್ತದೆ. ಆದರೆ ಬಾಲ್ಯವಿವಾಹದ ಅಪಾಯದಲ್ಲಿರುವ ಮಗುವಿಗೆ ರಕ್ಷಣೆ ಕೊಡಬೇಕು ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ. ಹುಡುಗಿ ತಾನೇ ಅವರ ಮುಂದೆ ಹೋಗಿ ಹೇಳಿಕೊಳ್ಳಬಹುದು. ಮದುವೆಗೆ ಮ್ಯಾಜಿಸ್ಟ್ರೇಟ್ ತಡೆಯಾಜ್ಞೆ ಕೊಡಬಹುದು, ಅದನ್ನು ಮೀರಿ ತಾಳಿ ಕಟ್ಟಿಸಿದರೂ ಆ ಮದುವೆ ಊರ್ಜಿತವಲ್ಲ.

ಚಿಕ್ಕಮ್ಮ:
ಹಾಸ್ಟೆಲ್‌ಗೆ ಹಾಕಿಬಿಡುತ್ತಾರೆ ಅಂತ ಅವಳಿಗೆ ಭಯ ಸರ್. ನಮ್ಮ ಜೊತೆ ಇರಲು ಬಿಡುವುದಿಲ್ವಾ?

ವಕೀಲರು, ತುಮಕೂರು:
ಕೇಳಿ ನೋಡಿ. ನೀವು ಸೂಕ್ತ ಅಂತ ಸಮಿತಿಗೆ ಅನ್ನಿಸಿದರೆ ನಿಮ್ಮ ಸುಪರ್ದಿಗೆ ಕೊಡುವ ಅಧಿಕಾರ ಅವರಿಗಿದೆ. ಆದೇಶ ಕಾಗದದಲ್ಲಿ ಇದ್ದರೆ ಅಪಹರಣ ಅನ್ನುವ ಮಾತೂ ನಿಲ್ಲುವುದಿಲ್ಲ. ಅವಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಇಟ್ಟುಕೊಳ್ಳಿ, ವಯಸ್ಸಿಗೆ ಅದೇ ಸಾಕ್ಷಿ.

ಅಂಗನವಾಡಿ ಟೀಚರ್:
ಮದುವೆ ದಿನ ಗೊತ್ತಾಗಿದ್ದರೆ ಇವತ್ತೇ ಫೋನ್ ಮಾಡಿ ಅಕ್ಕ. ಛತ್ರದ ಹತ್ತಿರ ಹೋಗಿ ನಿಲ್ಲಿಸುವುದು ಜಾಸ್ತಿ ಕಷ್ಟ, ಊರಿನವರೆಲ್ಲ ಅಡ್ಡ ಬರುತ್ತಾರೆ. ಫೋನ್ ಮಾಡಿದವರ ಹೆಸರು ಹೊರಗೆ ಹೇಳಬೇಡಿ ಅಂತ ಮೊದಲೇ ತಿಳಿಸಿ.