ಉಸಿರು ಒಳಗೆ ಹೋಗುತ್ತೆ, ಹೊರಗೆ ಬರೋದೇ ಕಷ್ಟ ಅಂತಾರೆ ನಮ್ಮತ್ತೆ

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮಸ್ಕಾರ ಡಾಕ್ಟ್ರೇ. ನಮ್ಮತ್ತೆಗೆ 66 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆಯಲ್ಲೇ ಅಡುಗೆ ಮಾಡಿದ್ದಾರೆ. ಈಗ ಬಾವಿಯಿಂದ ಒಂದು ಕೊಡ ನೀರು ತಂದರೆ ದಮ್ಮು ಕಟ್ಟುತ್ತದೆ. ಊದಿಸಿ ಪರೀಕ್ಷೆ ಮಾಡಿದ ಡಾಕ್ಟರು ಸಿಓಪಿಡಿ, ಅಂದರೆ ಗಾಳಿಯ ನಾಳ ಕಿರಿದಾಗುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಅಂದರು. "ಒಳಗೆ ಜಾಗವೇ ಇಲ್ಲದ ಹಾಗಾಗುತ್ತೆ ಕಣೇ" ಅಂತಾರೆ ಅತ್ತೆ. ನಾವೆಲ್ಲ ಸುತ್ತ ನಿಂತು "ಜೋರಾಗಿ ಉಸಿರು ಎಳ್ಕೊಳ್ಳಿ" ಅಂತೀವಿ. ಆಗ ಇನ್ನೂ ಜಾಸ್ತಿ ಆಗುತ್ತೆ. ಸಿಗರೇಟು ಸೇದದವರಿಗೆ ಇದು ಹೇಗೆ ಬಂತು? ಒಳಗೆ ಏನಾಗ್ತಿದೆ?

ಉತ್ತರ (ಶ್ವಾಸಕೋಶದ ವೈದ್ಯೆ):
ನಿಮ್ಮ ಅತ್ತೆ ಹೇಳಿದ್ದೇ ಸರಿ. ಅವರ ಎದೆಯಲ್ಲಿ ನಿಜವಾಗಿಯೂ ಜಾಗ ಇಲ್ಲ. ಹಳೆಯ ಗಾಳಿ ಹೊರಗೆ ಹೋಗದೆ ಕೂತಿದೆ.

ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಅಗಲವಾದ ಸ್ನಾಯು ಗುಮ್ಮಟದ ಹಾಗೆ ಕೂತಿದೆ. ಅದು ಬಿಗಿದುಕೊಂಡು ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ. ಎದೆಯೊಳಗೆ ಜಾಗ ಹೆಚ್ಚಿ, ಒತ್ತಡ ಇಳಿದು, ಹೊರಗಿನ ಗಾಳಿ ಒಳಗೆ ಬರುತ್ತದೆ. ಕುಲುಮೆಯ ತಿದಿ ಹಿಗ್ಗಿಸಿದಾಗ ಗಾಳಿ ತುಂಬುತ್ತದಲ್ವಾ, ಹಾಗೆ. ಸುಮ್ನೆ ಕೂತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್. ಬಿಡುವಾಗ ಮಾತ್ರ ಶ್ರಮವೇ ಇಲ್ಲ. ಸ್ನಾಯು ಸಡಿಲವಾಗುತ್ತದೆ, ಹಿಗ್ಗಿದ ಶ್ವಾಸಕೋಶ ರಬ್ಬರಿನಂತೆ ತಾನೇ ಕುಗ್ಗುತ್ತದೆ.

ಗಾಳಿಯ ದಾರಿ ಕೊಂಬೆಯ ಹಾಗೆ ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 750 ಚದರ ಅಡಿ, ನಿಮ್ಮ ಕಡೆ ಅಡಿಕೆ ಹರಡುವ ಅಂಗಳದಷ್ಟು! ಅವುಗಳ ಗೋಡೆ ಬಹಳ ತೆಳು. ಆಮ್ಲಜನಕ ಅಲ್ಲಿಂದಲೇ ರಕ್ತಕ್ಕೆ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಆಚೆ ಬರುತ್ತದೆ.

ಈಗ ಒಲೆಯ ವಿಷಯ. ಸೌದೆ ಹೊಗೆಯಲ್ಲಿ 2.5 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳು ತುಂಬಾ ಇರುತ್ತವೆ. ಮೂಗಿನ ಕೂದಲು ಅವನ್ನು ತಡೆಯಲಾರದು. ಗಾಳಿಯ ನಾಳಗಳ ಒಳಗೆ ಸಣ್ಣ ರೋಮಗಳು ಲೋಳೆಯ ಜೊತೆ ಕಸವನ್ನು ಗಂಟಲ ಕಡೆಗೆ ಗುಡಿಸುತ್ತಲೇ ಇರುತ್ತವೆ. ದಿನಾ ಹೊಗೆ ಬಿದ್ದರೆ ಅವೂ ಸೋಲುತ್ತವೆ. ಕಫ ನಿಲ್ಲುತ್ತದೆ, ನಾಳದ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಊದುಗೊಳವೆ ಹಿಡಿದು ಒಲೆ ಊದುವವರು ಪ್ರತಿ ಊದಿಗೂ ಮೊದಲು ಹೊಗೆಯ ಪಕ್ಕದಲ್ಲೇ ದೊಡ್ಡ ಉಸಿರು ಎಳೆದುಕೊಳ್ಳುತ್ತಾರೆ. ನಲವತ್ತು ವರ್ಷ ಹೀಗೆ ನಡೆದಿದೆ. ಸಿಗರೇಟು ಸೇದದ ಎಷ್ಟೋ ಹೆಂಗಸರಿಗೆ ಈ ಕಾಯಿಲೆ ಬರುವುದು ಅಡುಗೆಮನೆಯಿಂದಲೇ. ಅದು ನನಗೆ ತುಂಬಾ ನೋವಿನ ಸಂಗತಿ.

ಇನ್ನೊಂದಿದೆ. ಗೂಡುಗಳ ಗೋಡೆಗಳು ಸಣ್ಣ ನಾಳಗಳನ್ನು ಸುತ್ತಲಿಂದ ಎಳೆದು ತೆರೆದಿಡುತ್ತವೆ, ಗೂಟಕ್ಕೆ ಕಟ್ಟಿದ ಹಗ್ಗ ಟಾರ್ಪಾಲನ್ನು ಎಳೆದು ಹಿಡಿದ ಹಾಗೆ. ಆ ಗೋಡೆಗಳು ಹರಿದರೆ, ಉಸಿರು ಬಿಡುವಾಗ ನಾಳ ಮಡಚಿಕೊಳ್ಳುತ್ತದೆ. ಜೋರಾಗಿ ತಳ್ಳಿದಷ್ಟೂ ಬೇಗ ಮುಚ್ಚುತ್ತದೆ. ಗಾಳಿ ಹಿಂದೆಯೇ ಉಳಿಯುತ್ತದೆ. ಅಷ್ಟರಲ್ಲಿ ನೀವು "ಎಳ್ಕೊಳ್ಳಿ" ಅಂದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತೆ.

ಊದಿಸುವ ಪರೀಕ್ಷೆ ಅಳೆಯುವುದು ಇದನ್ನೇ. ಆರೋಗ್ಯವಾಗಿರುವವರು ಊದುವ ಒಟ್ಟು ಗಾಳಿಯಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಮೊದಲ ಸೆಕೆಂಡಿನಲ್ಲೇ ಹೊರಗೆ ಬರುತ್ತದೆ. ಸಿಓಪಿಡಿ ಇದ್ದವರಲ್ಲಿ ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅಷ್ಟು ಬರುವುದಿಲ್ಲ.

ದಮ್ಮು ಕಟ್ಟಿದಾಗ ಅತ್ತೆಯನ್ನು ಕೂರಿಸಿ. ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಲಿ. ಮೂಗಿನಿಂದ ಎರಡು ಎಣಿಸುವಷ್ಟು ಉಸಿರು ತಗೊಳ್ಳಲಿ. ಆಮೇಲೆ ತುಟಿ ಸಣ್ಣಗೆ ಮಾಡಿ ನಾಲ್ಕು ಎಣಿಸುವಷ್ಟು ಮೆಲ್ಲಗೆ ಬಿಡಲಿ. ಒಲೆ ಊದಿದ ಹಾಗಲ್ಲ, ಬಿಸಿ ಕಾಫಿ ಆರಿಸುವ ಹಾಗೆ. ತುಟಿಯ ತಡೆಯಿಂದ ನಾಳದೊಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ, ಅದು ಬೇಗ ಮುಚ್ಚುವುದಿಲ್ಲ. ಆರಾಮಾಗಿದ್ದಾಗಲೇ ದಿನಾ ಅಭ್ಯಾಸ ಮಾಡಿಸಿ. ತುಟಿ ನೀಲಿಯಾದರೆ, ಮಾತಾಡಲು ಆಗದಿದ್ದರೆ, ಮಂಪರು ಬಂದರೆ ಮಾತ್ರ ಇದನ್ನೆಲ್ಲ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಇನ್ನೊಬ್ಬರು (ಹುಬ್ಬಳ್ಳಿಯಿಂದ):
ಮೇಡಮ್, ನಮ್ಮಪ್ಪಾಜಿಗೂ ಸಿಓಪಿಡಿ ಐತಿ. ಮನೆಯಲ್ಲಿ ಆಕ್ಸಿಜನ್ ಮಷೀನ್ ಇದೆ. ದಮ್ಮು ಬಂದಾಗ ಜಾಸ್ತಿ ಮಾಡಬಹುದಾ?

ಉತ್ತರ:
ದಯವಿಟ್ಟು ನೀವಾಗಿಯೇ ಜಾಸ್ತಿ ಮಾಡಬೇಡಿ. ಇಂಥ ಕೆಲವರಲ್ಲಿ ಆಮ್ಲಜನಕ ಮಿತಿಮೀರಿದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರುತ್ತದೆ, ಮಂಪರು ಬರುತ್ತದೆ. ಅಂಥವರಿಗೆ ರಕ್ತದ ಆಮ್ಲಜನಕ ತೋರಿಸುವ ಬೆರಳಿನ ಮೀಟರಿನಲ್ಲಿ ನೂರಕ್ಕೆ 88ರಿಂದ 92 ಇದ್ದರೆ ಸಾಕು ಎನ್ನುತ್ತೇವೆ, 99 ಬೇಕಿಲ್ಲ. ಅಪ್ಪಾಜಿಯವರಿಗೆ ಎಷ್ಟು ಎಂದು ಅವರ ಡಾಕ್ಟರ ಹತ್ತಿರ ಬರೆಸಿಕೊಂಡು ಮಷೀನಿನ ಮೇಲೆ ಅಂಟಿಸಿಡಿ.

ಮೊದಲು ಕೇಳಿದವರು:
ಇನ್ಹೇಲರ್ ಕೊಟ್ಟಿದ್ದಾರೆ, ಅಭ್ಯಾಸ ಆಗಿಬಿಡುತ್ತೆ ಅಂತ ಅತ್ತೆ ಹೆದರುತ್ತಾರೆ. ಗ್ಯಾಸ್ ಬಂದಿದೆ, ಆದರೆ ಬಚ್ಚಲೊಲೆಗೆ ಇನ್ನೂ ಸೌದೆಯೇ.

ಉತ್ತರ:
ಇನ್ಹೇಲರ್ ಚಟವಾಗುವುದಿಲ್ಲ. ಕನ್ನಡಕ ಬಿಟ್ಟರೆ ಮಸುಕಾಗುವ ಹಾಗೆ, ಇದನ್ನು ಬಿಟ್ಟರೆ ನಾಳ ಮತ್ತೆ ಬಿಗಿಯುತ್ತದೆ, ಅಷ್ಟೇ. ಔಷಧಿ ನೇರ ನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ತೀರಾ ಕಡಿಮೆ ಪ್ರಮಾಣ ಸಾಕು. ಒತ್ತುವ ಇನ್ಹೇಲರ್ ಆದರೆ ಸ್ಪೇಸರ್ (ಅದರ ಬಾಯಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಹಾಕಿ ಕೊಡಿ, ಇಲ್ಲದಿದ್ದರೆ ಅರ್ಧಕ್ಕರ್ಧ ಗಂಟಲಲ್ಲೇ ಉಳಿಯುತ್ತದೆ.

ಬಚ್ಚಲೊಲೆಯ ಮಾತು ಕೇಳಿದ್ದು ಒಳ್ಳೆಯದಾಯಿತು. ಅಡುಗೆಗೆ ಗ್ಯಾಸ್ ಬಂದ ಕೂಡಲೇ ಹೊಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ಚಿಮಣಿ ಇರುವ ಅಸ್ತ್ರ ಒಲೆ ಮಾಡಿದ್ದು ಈ ಹೊಗೆಯನ್ನು ಮನೆಯಿಂದ ಆಚೆ ಕಳಿಸಲಿಕ್ಕೂ ಹೌದು. ಬಚ್ಚಲೊಲೆಗೂ ಮಾಡಿನ ಮೇಲೆ ಹೋಗುವ ಕೊಳವೆ ಹಾಕಿಸಿ. ಬೆಳಿಗ್ಗೆ ಬೆಂಕಿ ಹಾಕುವ ಕೆಲಸ ಇನ್ನು ಅತ್ತೆಯದಾಗುವುದು ಬೇಡ. ಆ ಹೊತ್ತಿಗೆ ಅವರು ಜಗಲಿಯಲ್ಲಿರಲಿ.