ಅರೆಮಂಡಿಯಲ್ಲಿ ಮಂಡಿನೋವು: ರಂಗಪ್ರವೇಶಕ್ಕೆ ಮೊದಲು ಫಿಸಿಯೋಥೆರಪಿಯಿಂದ ಉಪಯೋಗವಾದೀತೇ?

ಪ್ರಶ್ನೆ – ತುಂಗಾತೀರ
ನನ್ನ ಮಗಳಿಗೆ 16 ವರ್ಷ. ಒಂಬತ್ತು ವರ್ಷಗಳಿಂದ ಭರತನಾಟ್ಯ ಕಲಿಯುತ್ತಿದ್ದು, ಇನ್ನು ನಾಲ್ಕು ತಿಂಗಳಿಗೆ ರಂಗಪ್ರವೇಶ ನಿಗದಿಯಾಗಿದೆ. ತಾಲೀಮು ದಿನಕ್ಕೆ ಒಂದು ಗಂಟೆಯಿಂದ ಮೂರು ಗಂಟೆಗೆ ಏರಿದ ಮೇಲೆ ಬಲ ಮಂಡಿಚಿಪ್ಪಿನ ಸುತ್ತ ನೋವು ಆರಂಭವಾಗಿದೆ. ಮೆಟ್ಟಿಲು ಇಳಿಯುವಾಗಲೂ, ಕಾರ್ಯಕ್ರಮದ ಮುಖ್ಯ ನೃತ್ಯವಾದ ವರ್ಣದ ತೀರ್ಮಾನಗಳಲ್ಲಿಯೂ (ತಾಳಕ್ಕೆ ರಭಸದಿಂದ ಕಾಲು ತಟ್ಟಿ ಮುಗಿಸುವ ಭಾಗಗಳಲ್ಲಿ) ಅದು ಹೆಚ್ಚು. ಮೂಳೆ ವೈದ್ಯರು ಎಕ್ಸ್‌ರೇಯಲ್ಲಿ ದೋಷವಿಲ್ಲವೆಂದು ಹೇಳಿ ಮೂರು ವಾರ ವಿಶ್ರಾಂತಿ ಸೂಚಿಸಿದರು. ವಿಶ್ರಾಂತಿಯಲ್ಲಿ ಹೋದ ನೋವು ಗೆಜ್ಜೆ ಕಟ್ಟಿದ ಎರಡನೆಯ ದಿನವೇ ಮರಳಿತು. ಫಿಸಿಯೋಥೆರಪಿಸ್ಟ್ ಬಳಿ ಹೋಗುವುದರಿಂದ ಪ್ರಯೋಜನವಿದೆಯೇ?

ಉತ್ತರ – ಕೀಲುಕಾಯಕ (ಫಿಸಿಯೋಥೆರಪಿಸ್ಟ್)
ಇದೆ. ಆದರೆ ಅವರು ಮಂಡಿಯನ್ನಷ್ಟೇ ನೋಡಿ ಕಳುಹಿಸದಿರಲಿ. ಅರೆಮಂಡಿಯಲ್ಲಿ, ಅಂದರೆ ಪಾದಗಳನ್ನು ಹೊರಕ್ಕೆ ತಿರುಗಿಸಿ ಮಂಡಿ ಮಡಿಸಿ ಅರ್ಧ ಕುಳಿತ ಭಂಗಿಯಲ್ಲಿ, ಕಾಲು ಹೊರಕ್ಕೆ ತಿರುಗುವ ತಿರುವು ಮುಖ್ಯವಾಗಿ ಸೊಂಟದ ಕೀಲಿನಿಂದ ಬರಬೇಕು. ಆ ಕೀಲು ಎಷ್ಟು ತಿರುಗುತ್ತದೆ ಎಂಬುದು ಬಹುಮಟ್ಟಿಗೆ ಮೂಳೆಯ ಆಕಾರಕ್ಕೆ ಸೇರಿದ್ದರಿಂದ ಎಲ್ಲರಿಗೂ ಒಂದೇ ಅಳತೆಯಲ್ಲಿರುವುದಿಲ್ಲ. ಸೊಂಟದಲ್ಲಿ ಕಡಿಮೆಬಿದ್ದ ತಿರುವನ್ನು ಪಾದದಲ್ಲಿ ತುಂಬಿಕೊಳ್ಳಲು ಹೋದರೆ ಮೊಣಕಾಲ ಕೆಳಗಿನ ಎಲುಬು ಹೊರಕ್ಕೆ ತಿರುಚಿಕೊಂಡು ಮಂಡಿ ಒಳಕ್ಕೆ ಬೀಳುತ್ತದೆ; ಆ ಸ್ಥಿತಿಯಲ್ಲಿಯೇ ಬರಿಗಾಲಿನಲ್ಲಿ ನೂರಾರು ಬಾರಿ ನೆಲ ತಟ್ಟಿದಾಗ ಮಂಡಿಚಿಪ್ಪಿನ ಹಿಂಭಾಗ ನೋಯುವುದು ಸಹಜ. ಕನ್ನಡಿಯ ಮುಂದೆ ಅರೆಮಂಡಿಯಲ್ಲಿ ನಿಲ್ಲಿಸಿ ನೋಡಿ: ಮಂಡಿ ಹೆಬ್ಬೆರಳ ಪಕ್ಕದ ಬೆರಳಿನ ನೇರಕ್ಕಿರಬೇಕು.

ನಾನಾದರೆ ಮೊದಲು ಸೊಂಟದ ತಿರುವನ್ನು ಅಳೆದು, ಒಂಟಿಗಾಲಿನಲ್ಲಿ ಅರ್ಧ ಕುಳಿತಾಗ ಮಂಡಿ ಎತ್ತ ವಾಲುತ್ತದೆಂದು ಗಮನಿಸಿ, ಬಳಿಕ ಒಂಟಿಗಾಲಿನಲ್ಲಿ ಹಿಮ್ಮಡಿ ಎತ್ತಿಸಿ ಎಣಿಸುತ್ತೇನೆ. ಕುದಿತ್ತು ಮೆಟ್ಟು ಅಡವು (ಮುಂಗಾಲ ಮೇಲೆ ಜಿಗಿದು ಹಿಮ್ಮಡಿ ತಟ್ಟುವ ಹೆಜ್ಜೆ) ಮಾಡುವವರಿಗೆ ಇದು 25 ಬಾರಿ ಸಲೀಸಾಗಿ ಆಗಬೇಕೆಂಬುದು ನಾನು ಇಟ್ಟುಕೊಂಡಿರುವ ಅಳತೆ. ಕೊರತೆ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಪೃಷ್ಠ, ತೊಡೆ ಮತ್ತು ಮೀನಖಂಡಗಳ ಬಲ ಬೆಳೆಸುವ ವ್ಯಾಯಾಮ ಕೊಡಬೇಕಾಗುತ್ತದೆ. ಬಲ ಬರಲು ಆರರಿಂದ ಹನ್ನೆರಡು ವಾರ ಬೇಕು, ನಿಮಗೆ ಸಮಯವಿದೆ.

ಬರಿಯ ವಿಶ್ರಾಂತಿ ಫಲಿಸದಿದ್ದುದಕ್ಕೂ ಕಾರಣವಿದೆ. ಮೂರು ವಾರದಲ್ಲಿ ನೋವಿನ ಜೊತೆಗೆ ಸ್ನಾಯುವಿನ ತಾಳಿಕೆಯೂ ತಗ್ಗಿತು, ಆದರೆ ತಾಲೀಮು ಮಾತ್ರ ಮೂರು ಗಂಟೆಯಿಂದಲೇ ಮರಳಿ ಶುರುವಾಯಿತು. ಪೂರ್ತಿ ನಿಲ್ಲಿಸುವುದಕ್ಕಿಂತ ಅರ್ಧಕ್ಕಿಳಿಸಿ, ವಾರವಾರ ಸ್ವಲ್ಪಸ್ವಲ್ಪವೇ ಏರಿಸುವುದು ಮೇಲು. ಹತ್ತರಲ್ಲಿ ಮೂರರಷ್ಟು ನೋವು ಬಂದು ಮರುದಿನ ಬೆಳಿಗ್ಗೆಯೊಳಗೆ ಇಳಿದರೆ ಮುಂದುವರಿಯಬಹುದು.

ಉತ್ತರ – ನಟುವಾಂಗದವಳು, ಮೈಸೂರು
ಕಲಿಸುವವಳಾಗಿ ಒಪ್ಪಿಕೊಳ್ಳುತ್ತೇನೆ: ಎಲ್ಲ ಮಕ್ಕಳೂ ಒಂದೇ ಆಳಕ್ಕೆ ಕೂರಬೇಕೆಂದು ನಾನೂ ಬಹಳ ವರ್ಷ ಹಟ ಹಿಡಿದಿದ್ದೆ. ಈಗ ಆಳ ತುಸು ಕಡಿಮೆಯಾದರೂ ಬೆನ್ನು ನೆಟ್ಟಗಿದ್ದು ಮಂಡಿ ಸರಿಯಾದ ದಿಕ್ಕಿಗಿದ್ದರೆ ಸಾಕೆನ್ನುತ್ತೇನೆ. ಅಂಗಶುದ್ಧಿಯೂ (ಭಂಗಿಯ ಅಚ್ಚುಕಟ್ಟು) ಅದರಿಂದಲೇ ಹೆಚ್ಚಿದೆ. ಗ್ರಾನೈಟ್ ಅಥವಾ ಸಿಮೆಂಟಿನ ನೆಲದ ಮೇಲೆ ಮೂರು ಗಂಟೆ ತಟ್ಟಿಸುವುದನ್ನು ನಿಲ್ಲಿಸಿ. ಅಭಿನಯದ ಭಾಗಗಳನ್ನು ಕುಳಿತೇ ಅಭ್ಯಾಸ ಮಾಡಬಹುದು, ಜತಿಗಳನ್ನು (ಹೆಜ್ಜೆಗಳ ತಾಳದ ಸೊಲ್ಲುಗಳು) ಕೆಲವು ದಿನ ಬಾಯಲ್ಲಿ ಹೇಳಿಕೊಂಡು ಕೈಯಲ್ಲಿ ಗುರುತು ಮಾಡಿದರೂ ನೆನಪು ಗಟ್ಟಿಯಾಗುತ್ತದೆ. ನಮಸ್ಕಾರ ಮುಗಿಸಿ ನೇರವಾಗಿ ತಟ್ಟಡವಿಗೆ (ನೆಲಕ್ಕೆ ಪಾದ ತಟ್ಟುವ ಮೊದಲ ಹೆಜ್ಜೆಗಳು) ಇಳಿಯುವ ಬದಲು ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಳ್ಳಲಿ. ದೀರ್ಘವಾಗಿ ಹಿಡಿದು ಎಳೆಯುವ ಸ್ಟ್ರೆಚಿಂಗ್ ಕೊನೆಗಿರಲಿ.

ಒಂದು ಆಕ್ಷೇಪವೂ ಇದೆ. ನಮ್ಮಲ್ಲಿ ಕೆಲವೆಡೆ ಫಿಸಿಯೋ ಎಂದರೆ ಹತ್ತು ದಿನ ‘ಕರೆಂಟು ಕೊಡುವುದು’ ಎಂದಷ್ಟೇ ಆಗಿದೆ. ಮಗಳು ವರ್ಣ ಮಾಡುವ ವಿಡಿಯೋ ಒಯ್ದು ತೋರಿಸಿ. ನೋಡಲೊಪ್ಪದವರಾದರೆ ಬೇರೆಯವರನ್ನು ಹುಡುಕಿ.

ತುಂಗಾತೀರ
ಇಬ್ಬರಿಗೂ ವಂದನೆಗಳು. ಕನ್ನಡಿಯಲ್ಲಿ ನೋಡಿದೆವು, ಬಲ ಮಂಡಿ ಒಳಕ್ಕೇ ಬೀಳುತ್ತಿದೆ. ನೀ ಕ್ಯಾಪ್ ಹಾಕಿಸಬಹುದೇ? ಯಾವ ನೋವನ್ನು ಕಡೆಗಣಿಸಬಾರದು?

ಉತ್ತರ – ಕೀಲುಕಾಯಕ
ಸದ್ಯಕ್ಕೆ ನೀ ಕ್ಯಾಪ್ ಹಾಕಬಹುದು, ಆದರೆ ಅದು ಬಲ ಕೊಡುವುದಿಲ್ಲ. ಮಂಡಿ ಊದಿಕೊಂಡರೆ ಅಥವಾ ಮಡಿಸಿದಲ್ಲೇ ಸಿಕ್ಕಿಕೊಂಡರೆ ತಾಲೀಮು ನಿಲ್ಲಿಸಿ. ಕಣಕಾಲು ಉಳುಕಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಮೊಣಕಾಲ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದು ರಾತ್ರಿಯೂ ಕಾಡಿದರೆ, ಅದರಲ್ಲೂ ಮುಟ್ಟು ತಪ್ಪುತ್ತಿದ್ದರೆ ಅಥವಾ ಊಟ ಕಡಿಮೆಯಾಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಮೂಳೆಯ ಸಣ್ಣ ಬಿರುಕು ಆರಂಭದ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.